ಅಕ್ಕಾರ ಮುಖ

ಲಕ್ವ ಹೊಡೆದು ಚನ್ನವೀರಮ್ಮನವರ ಮಾತು ಬಿದ್ದುಹೋದ ಮೇಲೂ ಬೋಲುಗಳು ಮಾತ್ರ ಉಳಿದಿದ್ದವು. ನೀರು ಬೇಕೇನು ಎಂದು ಕೇಳಿದರೆ ಬಾಯಿ ತೆರೆಯುವರು, ಕತ್ತಲಲ್ಲಿ ಕಡ್ಡಿಪೆಟ್ಟಿಗೆ ತಡಕಾಡುವವರ ಹಾಗೆ ಏನನ್ನೋ ತಡಕಾಡಿ, ಸಿಗದೆ, ಬಾಯಿ ಮುಚ್ಚಿಕೊಳ್ಳುವರು. ಆದರೆ ನಂದಿನಿ ಎದುರಿಗೆ ಕುಳಿತು ಕೈತಾಳ ಹಾಕುತ್ತ “ತಾ ಥೈ ಥೈ ತತ್” ಎಂದಳೋ, ಅವರ ನಾಲಗೆ ತಟ್ಟನೆ “ಆ ಥೈ ಥೈ ತತ್” ಎಂದು ಮುಂದಿನದನ್ನು ಎತ್ತಿಕೊಳ್ಳುತ್ತಿತ್ತು. ಕಥಕ್ ಕುಣಿಯುವವರು ಕಾಲಲ್ಲಿ ಆಡಿಸುವುದನ್ನೆಲ್ಲ ಮೊದಲು ಬಾಯಲ್ಲಿ ಆಡಿ ನೋಡುತ್ತಾರೆ. ಆ ಅಕ್ಷರಗಳೇ ಬೋಲು. ಜೀವಮಾನವೆಲ್ಲ ಹೇಳಿದ್ದು ಲಕ್ವದ ಕೈಗೂ ಸಿಕ್ಕಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದರು: “ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ ಇರ್ತತಮ್ಮ. ಹಾಡಿನ ದಾರಿ ಹಿಡಿದು ಕೆಲವರಿಗೆ ಮಾತು ಬರ್ತತಿ. ಕೆಲವರಿಗೆ ಬರಲ್ಲ.” ನಂದಿನಿ ಮೊದಲರ್ಧವನ್ನಷ್ಟೇ ಕಟ್ಟಿಕೊಂಡು ಮನೆಗೆ ಬಂದಳು.

ಮನೆಯೆಂದರೆ ಬಳ್ಳಾರಿಯ ಕೌಲ್ ಬಜಾರಿನ ಒಂದು ಮಾಳಿಗೆ. ಕೆಳಗೆ ಹುಸೇನ್‌ಪೀರನ ಹತ್ತಿ ಗಾದಿಯ ಅಂಗಡಿ, ಪಕ್ಕದಲ್ಲಿ ಜೀನ್ಸ್ ಹೊಲಿಯುವ ಶೆಡ್ಡು. ಮೇಲಿನ ಉದ್ದನೆಯ ಕೋಣೆಯಲ್ಲಿ ಚನ್ನವೀರಮ್ಮ ಮಕ್ಕಳಿಗೆ ಕಥಕ್ ಕಲಿಸುತ್ತಿದ್ದರು. ಒಂದು ಮೂಲೆಯಲ್ಲಿ ಅವರ ಒಲೆ, ಇನ್ನೊಂದು ಮೂಲೆಯಲ್ಲಿ ಮಂಚ. ಊರಿನಲ್ಲಿ ಬೇರೆ ಬೇರೆ ನಾಟ್ಯ ಕಲಿಸುವವರು ಬೇಕಾದಷ್ಟಿದ್ದರು, ಕಥಕ್ ಅಂದರೆ ಜನ ಹುಬ್ಬು ಏರಿಸುತ್ತಿದ್ದರು. ಅವರು ಹರೆಯದಲ್ಲಿ ಕುರುಗೋಡಿನ ಮನೆ ಬಿಟ್ಟು ನಾಟಕ ಕಂಪನಿಯ ಜೊತೆ ಹೋದವರು, ಹೈದರಾಬಾದಿನಲ್ಲಿ ಒಬ್ಬ ಮುದುಕ ಉಸ್ತಾದರ ಕಾಲಬಳಿ ಕೂತು ಕಲಿತವರು. ಮನೆಯವರು ಎಷ್ಟೋ ವರ್ಷ ಅವರ ಹೆಸರೆತ್ತಿರಲಿಲ್ಲ. ಮದುವೆ ಆಗಲಿಲ್ಲ. ಕಲಿತ ಮಕ್ಕಳು ಬಂದರು, ಹೋದರು. ಉಳಿದವಳು ನಂದಿನಿ ಒಬ್ಬಳೇ.

ನಂದಿನಿ ದೇಶನೂರಿನ ಹನುಮಮ್ಮನ ಮಗಳು. ಅವ್ವ ಭತ್ತದ ನಾಟಿಗೆ ಹೋಗುವವಳು. ಶಾಲೆ ಅರ್ಧಕ್ಕೆ ಬಿಡಿಸಿ, ಚಿಕ್ಕಮ್ಮನ ಜೊತೆ ಬಳ್ಳಾರಿಗೆ ಕಳಿಸಿ, ಜೀನ್ಸ್ ಶೆಡ್ಡಿನಲ್ಲಿ ಹೆಚ್ಚುವರಿ ದಾರ ಕತ್ತರಿಸುವ ಕೆಲಸಕ್ಕೆ ಹಾಕಿದ್ದಳು. ಮಾಳಿಗೆಯ ಗೆಜ್ಜೆ ಸಪ್ಪಳ ಶೆಡ್ಡಿನ ತಗಡಿಗೂ ಬಡಿಯುತ್ತಿತ್ತು. ಊಟದ ಹೊತ್ತಿನಲ್ಲಿ ಹುಡುಗಿ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ಒಂದು ದಿನ ಚನ್ನವೀರಮ್ಮ ಬಾಗಿಲಿಗೆ ಬಂದು, “ಅಲ್ಲೇ ಕುಂತು ಬೆರಳಾಗ ಕುಣಿತೀಯಲ್ಲ, ಕಾಲು ಯಾರಿಗೆ ಅಡವಿಟ್ಟೀ?” ಎಂದು ಒಳಗೆ ಕರೆದರು. ಯಾರ ಪೈಕಿ, ಯಾವ ಓಣಿ ಎಂದು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ತಾವು ಕುಡಿಯುವ ಲೋಟದಲ್ಲೇ ನೀರು ಕೊಟ್ಟರು. ಅಂದಿನಿಂದ ಅವರು ನಂದಿನಿಗೆ ‘ಅಕ್ಕಾರು’. ಚಿಕ್ಕಮ್ಮ ತೀರಿಕೊಂಡ ಮೇಲೆ ಅವಳು ಅಲ್ಲೇ ಉಳಿದುಬಿಟ್ಟಳು. ಹಗಲು ಹೊಲಿಗೆ, ಸಂಜೆ ಮಕ್ಕಳಿಗೆ ಮೊದಲ ಪಾಠ.

ಅಕ್ಕಾರು ಕಾಲಿಗಿಂತ ಮುಖಕ್ಕೆ ಹೆಚ್ಚು ಪಾಠ ಮಾಡುತ್ತಿದ್ದರು. ಒಮ್ಮೆ ಸಿರುಗುಪ್ಪದಲ್ಲಿ ಗಣಪತಿ ಹಬ್ಬಕ್ಕೆ ಅಕ್ಕಿ ಮಿಲ್ಲಿನ ಅಂಗಳದಲ್ಲಿ ಹಲಗೆ ಜೋಡಿಸಿ ಕುಣಿಸಿದರು. ಅಕ್ಕಾರು ಚಕ್ಕರ್ ತೆಗೆದುಕೊಳ್ಳುವಾಗ, ಬುಗುರಿಯ ಹಾಗೆ ಸುತ್ತುತ್ತ ಸುತ್ತುತ್ತ, ಹಲಗೆಯ ಮೊಳೆ ಹಿಮ್ಮಡಿಗೆ ಇಳಿದಿತ್ತು. ನೋಡುತ್ತಿದ್ದ ಯಾರಿಗೂ ಗೊತ್ತಾಗಲಿಲ್ಲ. ತಬಲ ಬಾರಿಸುತ್ತಿದ್ದ ಹುಸೇನ್‌ಪೀರನಿಗೂ ಗೊತ್ತಾಗಲಿಲ್ಲ. ಕೃಷ್ಣನನ್ನು ಕಂಡ ಗೋಪಿಯ ನಗು ಕೊನೆಯ ಪೆಟ್ಟಿನವರೆಗೂ ಹಾಗೇ ಇತ್ತು. ಪರದೆಯ ಹಿಂದೆ ಕಾಲು ತೊಳೆಯಲು ಕೂತಾಗ ನೀರು ಕೆಂಪಾದದ್ದನ್ನು ಕಂಡು ನಂದಿನಿ ಅತ್ತಳು.

“ನೀ ಯಾಕ ಅಳ್ತೀಯಲೇ? ಮೊಳಿ ಚುಚ್ಚಿದ್ದು ನನಗ,” ಎಂದು ಅಕ್ಕಾರು ನಕ್ಕರು. “ಕಾಲಿನ ನೋವು ಕಾಲಾಗ ಇರಬೇಕು. ಮುಖಕ್ಕ ಬರಾಕ ಅದಕ್ಕ ದಾರಿ ಕೊಡಬಾರದು. ನೋಡಾಕ ಬಂದೋರು ಏನು ತಪ್ಪು ಮಾಡ್ಯಾರ?”

ಅದೇ ಮುಖವನ್ನು ನಂದಿನಿ ಕುರುಗೋಡಿನಲ್ಲಿಯೂ ಕಂಡಿದ್ದಳು. ಅಕ್ಕಾರ ತಾಯಿ ತೀರಿಕೊಂಡಾಗ ಜೊತೆಗೆ ಹೋಗಿದ್ದಳು. ಅಂದು ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಚಹ ಬಂತು, ನಂದಿನಿಗೆ ಹೊರಗಿನ ಕಟ್ಟೆಗೆ ಕಾಗದದ ಕಪ್ಪಿನಲ್ಲಿ ಬಂತು. ಅಕ್ಕಾರು ನೋಡಿದರು; ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಬಳ್ಳಾರಿಗೆ ತಿರುಗಿ ಬರುವ ಬಸ್ಸಿನಲ್ಲಿ ಮಾತ್ರ ನಂದಿನಿಯ ಮುಂಗೈಯನ್ನು ಊರು ಬರುವ ತನಕ ಬಿಗಿಯಾಗಿ ಹಿಡಿದು ಕೂತಿದ್ದರು.

ಈಗ ಅದೇ ಕುರುಗೋಡಿನ ಮನೆ ಅಕ್ಕಾರನ್ನು ಕೇಳಿಕೊಂಡು ಬಂದಿತ್ತು.

ಅವರ ತಮ್ಮ ಮರಿಬಸಪ್ಪ ಬೀಜ ಗೊಬ್ಬರದ ಅಂಗಡಿಯವರು. ಹೆಂಡತಿ ಗಂಗಕ್ಕನ ಜೊತೆ ಮೆಟ್ಟಿಲೇರಿ ಬಂದು, ಏದುಸಿರು ಬಿಡುತ್ತ, ಕೋಣೆಯ ನಾಲ್ಕು ಗೋಡೆ ನೋಡಿದರು.

“ನೋಡಮ್ಮಾ,” ಎಂದರು. ನಂದಿನಿಯ ಹೆಸರು ಅವರ ಬಾಯಿಗೆ ಎಂದೂ ಬರುತ್ತಿರಲಿಲ್ಲ. “ನಮ್ಮಕ್ಕಗ ಈಗ ಬೇಕಾಗಿರಾದು ಮನಿ. ಈ ಏಣಿ ಹತ್ತೋ ಮಾಳಿಗಿ ಅಲ್ಲ.”

“ಅಕ್ಕಾರಿಗೆ ಮಾತು ಬರ್ತೈತ್ರಿ. ಬೋಲು ಹೇಳ್ತಾರ. ಬೇಕಾದ್ರ ಕೇಳ್ರಿ.”

“ಥೈ ಥೈ ಅಂದ್ರ ಮಾತೇನಮ್ಮಾ ಅದು? ಹಸಿವಾದ್ರ ಥೈ, ಬಾಯಾರಿದ್ರ ಥೈ?”

ನಂದಿನಿ ತಲೆ ತಗ್ಗಿಸಿದಳು. ದೊಡ್ಡವರೆದುರು ಅವಳಿಗೆ ಎರಡನೆಯ ಮಾತು ಹುಟ್ಟುತ್ತಿರಲಿಲ್ಲ. ಗಂಗಕ್ಕನೇ ನಡುವೆ ಬಾಯಿ ಹಾಕಿದಳು. ದಪ್ಪನೆಯ ಹೆಂಗಸು, ದನಿಯೂ ದಪ್ಪ.

“ಉಗಾದಿ ತನಕ ಇರ್ಲಿ ಬಿಡ್ರಿ. ಅಷ್ಟ್ರೊಳಗ ಅಕ್ಕ ತನ್ನ ಬಾಯಿಲೆ ಏನರ ಒಂದು ಮಾತಾಡಿದ್ರ, ಎಲ್ಲಿರಬೇಕಂತ ಆಕಿನೇ ಹೇಳ್ಲಿ. ಇಲ್ಲಂದ್ರ ನಾವು ಕರ್ಕೊಂಡು ಹೋಗಾದು. ಆತಿಲ್ಲವಾ?”

“ಆತ್ರಿ,” ಎಂದಳು ನಂದಿನಿ.

ಒಂದು ಮಾತು ಬಂದರೆ ಅಕ್ಕಾರು ಇಲ್ಲಿ. ಬರದಿದ್ದರೆ ಕುರುಗೋಡಿನ ಆ ಕಟ್ಟೆಯಾಚೆ, ಮನೆಯೊಳಗೆ. ತಾನು ಹೊರಗಿನ ಕಟ್ಟೆಯಲ್ಲಿ. ಅಂದಿನಿಂದ ಅವಳಿಗೆ ಬೇರೆ ಯೋಚನೆಯೇ ಇರಲಿಲ್ಲ.

ಬೆಳಿಗ್ಗೆ ಶೆಡ್ಡಿಗೆ ಹೋಗುವ ಮೊದಲು ಅಕ್ಕಾರನ್ನು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂಡಿಸುವಳು. ಆಡುವ ಎಡಗಾಲಿಗೆ ಗೆಜ್ಜೆ ಕಟ್ಟುವಳು. ಬೋಲು ಶುರುವಾದರೆ ಆ ಕಾಲು ತಾನಾಗಿ ನೆಲ ತಟ್ಟುತ್ತಿತ್ತು. ಬಿದ್ದುಹೋದದ್ದು ಬಲಗೈ. ‘ಕೈ ಆಡಿಸ್ತಾ ಇರು, ಗಟ್ಟಿಯಾಗಬಾರದು’ ಎಂದು ಆಸ್ಪತ್ರೆಯ ನರ್ಸು ಹೇಳಿದ್ದಳು. ಹೇಗೆ ಆಡಿಸಬೇಕೆಂದು ಅವಳು ಹೇಳಲಿಲ್ಲ, ನಂದಿನಿ ಕೇಳಲಿಲ್ಲ. ಕೈ ಆಡಿಸುವುದು ಕುಣಿಯುವವರಿಗೆ ಗೊತ್ತಿಲ್ಲದ್ದೇ? ಅವಳು ಕುರ್ಚಿಯ ಹಿಂದೆ ನಿಂತು, ಆ ಕೈಯ ಮಣಿಕಟ್ಟು ಹಿಡಿದು, ತಾನು ಕಲಿತ ಹಾಗೆಯೇ ಅದನ್ನು ನಡೆಸುತ್ತಿದ್ದಳು. ಎದೆಯ ಮುಂದಿನಿಂದ ತಲೆಯ ಮೇಲಕ್ಕೆ, ಮೇಲಿನಿಂದ ಪಕ್ಕಕ್ಕೆ, ಬಾಣ ಬಿಟ್ಟ ಹಾಗೆ ನೇರ. ಕೈಗೆ ನೆನಪು ಬಂದರೆ ನಾಲಗೆಗೂ ಬಂದೀತು ಎಂದು ಅವಳ ನಂಬಿಕೆ.

ಕೈ ಮೇಲೇರಿದಂತೆ ಅಕ್ಕಾರ ಬೋಲು ಜೋರಾಗುತ್ತಿತ್ತು. ಕಣ್ಣು ಹೊಳೆಯುತ್ತಿತ್ತು. ಲಕ್ವ ಬಿಟ್ಟುಕೊಟ್ಟಿದ್ದ ಎಡಗಡೆಯ ಅರ್ಧ ಮುಖದಲ್ಲಿ ಆ ಗೋಪಿಯ ನಗು ಅರಳಿ ನಿಲ್ಲುತ್ತಿತ್ತು.

“ಇವತ್ತು ಭಾರಿ ಹುರುಪಿನಾಗ ಅದೀರಿ ಅಕ್ಕಾರ!” ಎಂದು ನಂದಿನಿ ಇನ್ನೊಂದು ಸಲ ಎತ್ತುವಳು.

ಹುಸೇನ್‌ಪೀರ ಆಗೀಗ ಅಂಗಡಿಗೆ ಮಗನನ್ನು ಕೂರಿಸಿ, ಗಡ್ಡಕ್ಕೆ ಹತ್ತಿಯ ಎಳೆ ಅಂಟಿಸಿಕೊಂಡೇ ಮೇಲೆ ಬಂದು ತಬಲ ಬಿಚ್ಚುತ್ತಿದ್ದ. “ಬರ್ರಿ ಅಕ್ಕಾ, ನಿಮ್ಮ ಬೋಲಿಲ್ಲದ ನನ್ನ ಕೈನೂ ಗಾದಿ ಆಗಿ ಕುಂತೈತಿ,” ಎಂದು ನಗಿಸುವನು. ಒಂದು ಬೆಳಿಗ್ಗೆ ಬಾರಿಸುತ್ತ ಬಾರಿಸುತ್ತ ಅವನು ನಡುವೆಯೇ ಕೈ ಎತ್ತಿಬಿಟ್ಟ.

“ಬೇಟಿ, ಅಕ್ಕನ ಲಯ ಓಡಾಕ ಹತ್ತೈತಿ.”

“ಹುರುಪು ಕಾಕಾ.”

“ಹುರುಪಿಗೆ ಓಡೋ ಪೈಕಿ ಅಲ್ಲ ಈ ಯಮ್ಮ. ಎಷ್ಟು ವರ್ಸ ಬಾರಿಸೀನಿ. ನಾನು ಓಡಿದ್ರ ಕಣ್ಣಿಲೆ ಹಿಡ್ದು ನಿಂದ್ರಿಸಾಕಿ. ನೀ ಕೈ ಎತ್ತಿದಾಗಷ್ಟೇ ಓಡ್ತಾಳ ನೋಡು, ನಾಯಿ ಬೆನ್ನ ಹತ್ತಿದಂಗ.”

“ಮುಖ ನೋಡು ಕಾಕಾ. ಎಷ್ಟು ಚಂದ ನಗ್ತಾರ.”

ಅವನು ನೋಡಿದ. ನಗು ಇತ್ತು. ಅವನೂ ಮತ್ತೆ ತಬಲಕ್ಕೆ ಕೈ ಹಚ್ಚಿದ. ಆ ಮುಖವನ್ನು ನಂಬುವುದನ್ನು ಇಬ್ಬರಿಗೂ ಆ ಮುಖವೇ ಕಲಿಸಿತ್ತು.

ಉಗಾದಿಯ ಹಿಂದಿನ ದಿನ ಗಂಡ ಹೆಂಡತಿ ಕಾರು ತಂದರು. ನಂದಿನಿ ಶೆಡ್ಡಿಗೆ ರಜ ಹೇಳಿದ್ದಳು. ಅಕ್ಕಾರಿಗೆ ಇಸ್ತ್ರಿ ಮಾಡಿದ ನೈಟಿ ಹಾಕಿ, ಹಣೆಗೆ ವಿಭೂತಿ ಹಚ್ಚಿ, ಕಾಲಿಗೆ ಗೆಜ್ಜೆ ಕಟ್ಟಿ ಕೂಡಿಸಿದ್ದಳು. ಪರೀಕ್ಷೆಗೆ ಮಗುವನ್ನು ತಯಾರು ಮಾಡಿದ ಹಾಗಿತ್ತು.

“ಒಂದು ಗಳಿಗಿ ಕೇಳ್ರಿ,” ಎಂದು ಬೋಲು ಹಿಡಿದಳು. ಅಕ್ಕಾರು ತುಂಬ ಉದ್ದದ, ಕಷ್ಟದ ಒಂದನ್ನು ಎಲ್ಲೂ ತಪ್ಪದೆ ಹೇಳಿದರು. ನಂದಿನಿ ಹಿಂದಿನಿಂದ ಬಲಗೈಯನ್ನು ಎತ್ತಿ ತಲೆಯ ಮೇಲೆ ನಿಲ್ಲಿಸಿದಳು. ಮರಿಬಸಪ್ಪ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು.

“ಒಂದು ಮಾತು ಆಡಿಸು ನೋಡೂಣು.”

ನಂದಿನಿ ಮುಂದೆ ಬಂದು ಮಂಡಿಯೂರಿದಳು. “ಅಕ್ಕಾರ, ನಾನು ಯಾರ್ರಿ? ಹೇಳ್ರಿ. ನಾನು ಯಾರು?”

ಚನ್ನವೀರಮ್ಮ ಅವಳನ್ನು ನೋಡಿದರು. ಬಾಯಿ ತೆರೆಯಿತು, ತಡಕಾಡಿತು. ಕೊರಳ ನರ ಉಬ್ಬಿತು. “ಥೈ,” ಎಂದರು. ತಾವೇ ತಲೆಯಾಡಿಸಿ, ಅದಲ್ಲ ಎನ್ನುವಂತೆ, ಮತ್ತೆ ತಡಕಾಡಿದರು. “ಥೈ.”

“ಸಾಕು ಬಿಡವಾ, ಆ ಜೀವಕ್ಕ ಎಷ್ಟು ತ್ರಾಸು ಕೊಡ್ತಿ,” ಎಂದು ಗಂಗಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಹಬ್ಬದ ಹೊತ್ತಿನಾಗ ತಲಿ ಬರೇ ಒಣಗಿ ನಿಂತೈತಿ. ಎಣ್ಣಿ ಹಚ್ಚಿ ಎರದು ಕರ್ಕೊಂಡು ಹೋಗ್ತೀನಿ. ಬಿಸಿನೀರು ಕಾಸು.”

ನಂದಿನಿ ಅಕ್ಕಾರ ಮೈಯನ್ನು ನೈಟಿಯ ಒಳಗೆ ಕೈಹಾಕಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ನೈಟಿ ಬದಲಿಸುವಾಗಲೂ ಕಣ್ಣು ಬೇರೆ ಕಡೆಗೇ. ಶಿಷ್ಯಳೆದುರು ಅಕ್ಕಾರು ಎಂದೂ ಮೈ ಬಿಟ್ಟವರಲ್ಲ. ಕಾಯಿಲೆ ಬಿದ್ದ ಮೇಲೆ ಆ ಮರ್ಯಾದೆ ಮೀರುವುದು ಅವಳಿಗೆ ಆಗಲಿಲ್ಲ. ಗಂಗಕ್ಕನಿಗೆ ಅಂಥದ್ದೇನೂ ಇರಲಿಲ್ಲ. ಕುರ್ಚಿಯ ಸಮೇತ ಬಚ್ಚಲಿಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಒಳಗೆ ಎಣ್ಣೆಯ ಬಟ್ಟಲು ಕೆಳಗಿಟ್ಟ ಸದ್ದು, ‘ಕೈ ಎತ್ತಬೇ ಯಕ್ಕಾ, ನೈಟಿ ತೋಳು ತಗೀತೀನಿ’ ಎಂಬ ದಪ್ಪ ದನಿ ಕೇಳಿದವು.

ಆಮೇಲೆ ಒಂದು ಕೂಗು.

“ಯವ್ವಾ! ಬ್ಯಾಡ, ಬ್ಯಾಡೇ ಗಂಗಾ! ನೋಯ್ತತಿ!”

ಕುರುಗೋಡಿನ ಮಾತು, ಹರೆಯದಲ್ಲಿ ಬಿಟ್ಟುಬಂದ ಮನೆಯ ದನಿ. ಅಷ್ಟು ದೊಡ್ಡದಾಗಿ ಅಕ್ಕಾರು ಕೂಗಿದ್ದನ್ನು ನಂದಿನಿ ಇಷ್ಟು ವರ್ಷದಲ್ಲಿ ಎಂದೂ ಕೇಳಿರಲಿಲ್ಲ. ಅವಳಿಗೆ ಮೊದಲು ಬಂದದ್ದು ಖುಷಿ. ಮಾತು ಬಂತು! ಉಗಾದಿಗೆ ಮೊದಲೇ ಬಂತು! ಓಡಿಹೋಗಿ ಬಾಗಿಲು ದೂಡಿದಳು. ಗಂಗಕ್ಕ ಒಳಗಿನಿಂದ ತಡೆದಳು.

“ಅಲ್ಲೇ ನಿಂದ್ರು. ಏನು ಮಾಡಿ ಇಟ್ಟೀಯವಾ ಈ ಭುಜಾನ?”

ಸಂಧಿಯಲ್ಲಿ ಕಂಡದ್ದು ಅಕ್ಕಾರ ಬೆನ್ನಷ್ಟೇ. ಬಲ ಭುಜದ ಗುಂಡು ಇರಬೇಕಾದಲ್ಲಿ ಕುಳಿ ಬಿದ್ದಿತ್ತು. ತೋಳು ಅದರ ಕೆಳಗೆ ಬೇರೆಯೇ ಆಗಿ ಜೋತಿತ್ತು. ಸುತ್ತ ಚರ್ಮ ಊದಿ ನೇರಳೆಯಾಗಿತ್ತು. ಅಕ್ಕಾರು ಗಂಗಕ್ಕನ ಹೊಟ್ಟೆಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಕಾರು ಕುರುಗೋಡಿನ ಬದಲು ಆಸ್ಪತ್ರೆಗೆ ಹೋಯಿತು. ಎಕ್ಸ್‌ರೇ ತೆಗೆಸಿ ನೋಡಿದ ಡಾಕ್ಟರು, ಬಿದ್ದ ಕೈಯನ್ನು ಮಣಿಕಟ್ಟು ಹಿಡಿದು ಹೀಗೆ ಮೇಲೆತ್ತಬಾರದಿತ್ತು, ಕೀಲು ಜಾರಿದೆ, ಒಳಗೆ ಹರಿದಿದೆ ಎಂದರು. “ವಾರಗಟ್ಲೆ ಹಿಂಗ ಎತ್ತೀರಿ. ಜೀವ ಹೋಗೋ ನೋವು ಇದು. ಪೇಷಂಟು ಒಂದು ದಿನಾನೂ ಒದರಲಿಲ್ಲೇನು?”

“ಇಲ್ರಿ,” ಎಂದಳು ನಂದಿನಿ. “ನಗ್ತಿದ್ರು.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಮರಿಬಸಪ್ಪ ಏನೋ ಅನ್ನಲು ಹೋದರು. ಗಂಗಕ್ಕ ಕಣ್ಣಲ್ಲೇ ಗಂಡನನ್ನು ಸುಮ್ಮನಿರಿಸಿ, “ಸಣ್ಣಾಕಿ, ಆಕಿಗೇನು ಗೊತ್ತು,” ಎಂದಳು. ಬೈದಿದ್ದರೆ ನಂದಿನಿಗೆ ಎಷ್ಟೋ ಹಗುರಾಗುತ್ತಿತ್ತು.

ತೋಳನ್ನು ಜೋಳಿಗೆಯಲ್ಲಿ ಕಟ್ಟಿಸಿಕೊಂಡು ಅಕ್ಕಾರು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಗಂಗಕ್ಕ ಆಡಿದ ಮಾತು ಮರೆಯುವವಳಲ್ಲ. ಎದುರಿಗೆ ನಿಂತು ಕೇಳಿದಳು. “ಯಕ್ಕಾ, ಮಾತಾಡಿದೀ ನೀನು. ಈಗ ನೀನೇ ಹೇಳು. ಎಲ್ಲಿರ್ತೀ? ಈ ಹುಡುಗಿ ಹತ್ರೋ, ಮನಿಗೋ?”

ಚನ್ನವೀರಮ್ಮ ಬಾಯಿ ತೆರೆದರು. ಬಚ್ಚಲಲ್ಲಿ ಬಂದ ಮಾತು ಈಗ ಬರಲಿಲ್ಲ. ನಂದಿನಿಯ ಕಡೆ ತಿರುಗಿದರು. ತಿರುಗಿ ನಕ್ಕರು.

ಎಷ್ಟೋ ವರ್ಷ ಆ ನಗುವಿನ ಮುಂದೆ ನಂದಿನಿ ಬದುಕಿದ್ದಳು. ಈಗ ಅದು ‘ಇರ್ತೀನಿ’ ಅನ್ನುತ್ತಿದೆಯೋ, ‘ನನ್ನ ಬಿಡು’ ಅನ್ನುತ್ತಿದೆಯೋ ಅವಳಿಗೆ ತಿಳಿಯಲಿಲ್ಲ. ತಿಳಿಯದವಳ ಕೈಗೆ ಈ ಜೀವ ಕೊಡುವುದು ಹೇಗೆ?

“ಕರ್ಕೊಂಡು ಹೋಗ್ರಿ,” ಎಂದಳು. ದೊಡ್ಡವರೆದುರು ಅವಳು ತಾನೇ ತೀರ್ಮಾನಿಸಿ ಆಡಿದ ಮೊದಲ ಮಾತು ಅದು.

ಮಾಳಿಗೆಯ ಪಾಠ ನಿಲ್ಲಲಿಲ್ಲ. ಹುಸೇನ್‌ಪೀರ ಬಾರಿಸಿದ, ಮಕ್ಕಳು ಕುಣಿದರು. ಕಾಲಿನ ಪಾಠ ನಂದಿನಿ ಮಾಡುತ್ತಿದ್ದಳು. ಮುಖದ ಪಾಠದ ಸರದಿ ಬಂತೆಂದರೆ ಗೆಜ್ಜೆ ಬಿಚ್ಚಿಸುತ್ತಿದ್ದಳು. “ಇವತ್ತಿಗೆ ಇಷ್ಟು ಸಾಕು,” ಎಂದು ಮಕ್ಕಳನ್ನು ಕಳಿಸಿಬಿಡುತ್ತಿದ್ದಳು.

“ಹೋಗಿ ನೋಡ್ಕೊಂಡು ಬಾರಲೇ,” ಎಂದು ಹುಸೇನ್‌ಪೀರ ಬೆನ್ನುಹತ್ತಿದ. “ಬಾಗಿಲಾಗ ನಿಂದ್ರಿಸಿದ್ರ ನಿಂದ್ರು. ನಿಂತು ನೋಡಿದ್ರೂ ನೋಡಿದಂಗೇ.”

ಶ್ರಾವಣದಲ್ಲಿ ಒಂದು ಭಾನುವಾರ ಅವಳು ಕುರುಗೋಡಿಗೆ ಹೋದಳು. ಬಾಳೆಹಣ್ಣು, ಅಕ್ಕಾರು ಇಷ್ಟಪಡುವ ಮೆತ್ತನೆಯ ಖಾರ ಇಲ್ಲದ ಒಗ್ಗರಣೆ ಮಂಡಕ್ಕಿ ಕಟ್ಟಿಕೊಂಡಿದ್ದಳು. ಗಂಗಕ್ಕ ಬಾಗಿಲಿಗೆ ಬಂದು, “ಬಂದ್ಯಾ? ಬಾ, ಪಡಸಾಲಿಯಾಗ ಕುಂಡ್ರು, ಒಲಿಮ್ಯಾಗ ಹಾಲು ಐತಿ, ಬಂದೆ,” ಎಂದು ಒಳಗೆ ಹೋದಳು. ಪಡಸಾಲೆಯ ತನಕ ಕರೆದಳು, ಅದರಾಚೆಗೆ ಬಾ ಎನ್ನಲಿಲ್ಲ. ನಂದಿನಿ ಹೊಸ್ತಿಲ ಈಚೆ ಕಂಬದ ಮರೆಯಲ್ಲಿ ನಿಂತಳು. ಅಲ್ಲಿಂದ ಒಳಂಗಳ ಕಾಣುತ್ತಿತ್ತು.

ಅಕ್ಕಾರು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ಎಡಗೈಯಲ್ಲಿ ಶೇಂಗಾಕಾಯಿ ಸುಲಿಯುತ್ತಿದ್ದರು. ಒಂದು ಕಾಯಿ ಜಾರಿ ದೂರ ಬಿತ್ತು. ಅದಕ್ಕೆ ಕೈ ಚಾಚಿದಾಗ ಭುಜ ಎಳೆದಿರಬೇಕು. ಅವರ ಮುಖ ಕಿವುಚಿಕೊಂಡಿತು. ಕಣ್ಣು ಮುಚ್ಚಿತು, ಬಾಯಿ ಸೊಟ್ಟಗಾಯಿತು, “ಯವ್ವಾ, ಸಾಕಪ್ಪಾ ಶಿವನೇ,” ಎಂದು ಎಲ್ಲ ಮುದುಕಿಯರ ಹಾಗೆ ನರಳಿದರು. ನರಳಿ, ಸ್ವಲ್ಪ ಹೊತ್ತು ಹಾಗೇ ಇದ್ದು, ಸಮಾಧಾನವಾಗಿ ಇನ್ನೊಂದು ಕಾಯಿ ಎತ್ತಿಕೊಂಡರು.

ನಂದಿನಿ ಆ ಮುಖವನ್ನು ಮೊದಲ ಸಲ ನೋಡುತ್ತಿದ್ದಳು. ಅದು ಚಂದವಿರಲಿಲ್ಲ. ಸುಕ್ಕು ಸುಕ್ಕಾಗಿ, ನೋವಾದರೆ ನೋವು, ಬೇಸರವಾದರೆ ಬೇಸರ, ಎಲ್ಲ ಮೇಲೇ ಬಂದು ಹೋಗುತ್ತಿತ್ತು. ಎಷ್ಟು ಹೊತ್ತಾದರೂ ನೋಡುತ್ತ ನಿಲ್ಲಬೇಕೆನ್ನಿಸಿತು ಅವಳಿಗೆ.

“ಯಕ್ಕಾ, ಯಾರು ಬಂದಾರ ನೋಡು!” ಎಂದು ಗಂಗಕ್ಕ ಅಡುಗೆಮನೆಯಿಂದ ಕೂಗಿದಳು.

ಚನ್ನವೀರಮ್ಮ ತಲೆಯೆತ್ತಿದರು. ಕಂಬದ ಹತ್ತಿರ ನಂದಿನಿಯನ್ನು ಕಂಡರು. ಕಂಡ ಗಳಿಗೆಯಲ್ಲೇ ಬೆನ್ನು ನೆಟ್ಟಗಾಯಿತು, ಗದ್ದ ಮೇಲೆದ್ದಿತು, ಸುಕ್ಕುಗಳೆಲ್ಲ ಎಲ್ಲಿಗೋ ಸರಿದವು. ಎಡಗಡೆಯ ಅರ್ಧ ಮುಖದಲ್ಲಿ ಗೋಪಿ ನಕ್ಕಳು. “ತಾ ಥೈ ಥೈ ತತ್,” ಎಂದರು, ಸ್ಪಷ್ಟವಾಗಿ, ಅವಳ ಉತ್ತರಕ್ಕೆ ಕಾಯುತ್ತ.

“ನೋಡವಾ, ನಮ್ಮ ಮುಂದ ಒಂದು ದಿನ ಅಂದಿಲ್ಲ ಅದನ್ನ!” ಎಂದು ಗಂಗಕ್ಕ ಬೆರಗಾದಳು. “ನಿನ್ನ ಕಂಡ್ರ ಎಷ್ಟು ಖುಷಿ ನೋಡು. ವಾರಕ್ಕೊಮ್ಮೆ ಬಾ ನೀನು.”

ನಂದಿನಿ “ಆ ಥೈ ಥೈ ತತ್” ಎಂದಳು. ದನಿ ನಡುಗಲಿಲ್ಲ, ಅವಳೂ ಕಲಿತವಳೇ. ಹಣ್ಣಿನ ಚೀಲವನ್ನು ಹೊಸ್ತಿಲ ಮೇಲಿಟ್ಟು, ದೂರದಿಂದಲೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಜೋಳಿಗೆಯ ಒಳಗೆ ಅಕ್ಕಾರ ಬಲಗೈ ಭಾರವಾಗಿ ಕೆಳಗೆ ಜಗ್ಗುತ್ತಿತ್ತು. ಅಷ್ಟು ನೆಟ್ಟಗೆ ಕೂರುವುದು ಆ ಭುಜಕ್ಕೆ ಎಂಥ ಶಿಕ್ಷೆ ಎಂದು ಈಗ ಅವಳಿಗೆ ಗೊತ್ತಿತ್ತು. ತಾನು ಇಲ್ಲಿ ನಿಂತಿರುವಷ್ಟು ಹೊತ್ತೂ ಅವರು ಹಾಗೇ ಕೂತಿರುತ್ತಾರೆ.

“ಬರ್ತೀನ್ರಿ. ಬಸ್ಸಿಗೆ ಹೊತ್ತಾತು.”

“ಚಾ ಕುಡದು ಹೋಗು, ಈಗ ಬಂದೀಯಲ್ಲ! ಮತ್ತ ಯಾವಾಗ ಬರ್ತೀ?”

“ಬರ್ತೀನ್ರಿ,” ಎಂದು ಅವಳು ಅದನ್ನೇ ಇನ್ನೊಂದು ಸಲ ಅಂದಳು.

ಹೊರಗೆ ಬಂದು, ಕಟ್ಟೆಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಓಣಿಯಲ್ಲಿ ಯಾರೋ ದನ ಹೊಡೆದುಕೊಂಡು ಹೋದರು. ಒಳಗೆ ಗಂಗಕ್ಕ ಏನೋ ಹೇಳುತ್ತಿದ್ದಳು. ಆಮೇಲೆ, ಇಷ್ಟು ಹೊತ್ತು ಹಿಡಿದಿಟ್ಟಿದ್ದು ಒಮ್ಮೆಲೇ ಬಿಟ್ಟ ಹಾಗೆ, ಆ ಹಳೆಯ ದನಿ ಬಂತು.

“ಯವ್ವಾ! ಯವ್ವಾ, ನೋಯ್ತತಿ!”

ನಂದಿನಿ ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಕಡೆ ನಡೆದಳು.